ಆಯುಧ ಪೂಜೆಗೆ ಕುಂಕುಮದ ಜೊತೆ ಎರಡು ಹನಿ ಎಣ್ಣೆಯೂ ಬೇಕು

ಆಯುಧ ಪೂಜೆಯ ಬೆಳಿಗ್ಗೆ ನಮ್ಮ ಕರಾವಳಿಯ ಯಾವ ಕೇರಿಗೆ ಹೋದರೂ ಒಂದು ನೋಟ ತಪ್ಪುವುದಿಲ್ಲ. ಬಾವಿಕಟ್ಟೆಯ ಪಕ್ಕ ಸಾಲಾಗಿ ಬೈಕು, ಸ್ಕೂಟರು, ಸೈಕಲ್ಲು. ಮಕ್ಕಳು ಕೊಡಗಟ್ಟಲೆ ನೀರು ಹೊಯ್ದು, ಸೋಪಿನ ಪುಡಿ ಹಾಕಿ ಉಜ್ಜುತ್ತಾರೆ. ಆಮೇಲೆ ಹ್ಯಾಂಡಲ್ಲಿಗೆ ಗೊಂಡೆ ಹೂವಿನ ಮಾಲೆ, ಮಡ್‌ಗಾರ್ಡಿಗೆ ಕುಂಕುಮ, ಚಕ್ರದ ಅಡಿಗೆ ಲಿಂಬೆಹಣ್ಣು. ಪೂಜೆ ಮುಗಿದದ್ದೇ ಬೈಕು ಪೇಟೆಗೆ ಹೋಗುತ್ತದೆ. ಸೈಕಲ್ಲು ಮಾತ್ರ ಮಾಲೆ ಹಾಕಿಕೊಂಡೇ ಕೊಟ್ಟಿಗೆಯ ಗೋಡೆಗೆ ಒರಗುತ್ತದೆ. ಹೇಗೂ ಶಾಲೆಗೆ ದಸರಾ ರಜೆ.

ರಜೆ ಮುಗಿದ ಮೊದಲ ಸೋಮವಾರ ಮಗು ಸೈಕಲ್ ಹೊರಗೆ ತೆಗೆಯುತ್ತದೆ. ಪೆಡಲ್ ತಿರುಗುವುದಿಲ್ಲ. ಚೈನು ಕೆಂಪಗೆ ಗಟ್ಟಿಯಾಗಿ ಕೋಲಿನಂತೆ ನಿಂತಿದೆ. ಬ್ರೇಕ್ ಹಿಡಿದರೆ ಹಿಡಿದೇ ಇರುತ್ತದೆ, ಬಿಡುವುದಿಲ್ಲ. ನಾಲ್ಕು ತಿಂಗಳ ಮಳೆಯಲ್ಲಿ ಓಡಿದ ಸೈಕಲ್ಲು ಹದಿನೈದು ದಿನದ ರಜೆಯಲ್ಲಿ ಸತ್ತಿದೆ.

ಸೈಕಲ್ಲಿನ ತುಕ್ಕಿನ ಬಗ್ಗೆ ಒಂದು ಅಭಿಪ್ರಾಯ ಲೇಖನವೇ ಎಂದು ನೀವು ಕೇಳಬಹುದು. ನಮ್ಮ ಡೆಸ್ಕಿನವರೂ ಹಾಗೆಯೇ ಕೇಳಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮಟ್ಟಿಗೆ ಇದು ಕಬ್ಬಿಣದ ವಿಷಯ ಅಲ್ಲ. ಹುಡುಗಿಯರು ಶಾಲೆಗೆ ಹೋಗುವ ವಿಷಯ.

ಹನ್ನೊಂದು ದಿನ

ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಭೂಮಿ ಇದೆ. ಭರತದಲ್ಲಿ ಉಪ್ಪುನೀರು ಒಳಗೆ ಬರುವ, ಕಗ್ಗ ಭತ್ತ ಬೆಳೆಯುವ ಗದ್ದೆಗಳು. ಅಲ್ಲಿ ಒಂದು ಖಾರ್ಲ್ಯಾಂಡ್ ಕಟ್ಟೆ ಒಡೆದು ಗದ್ದೆಗೆ ನೀರು ನುಗ್ಗಿದೆ ಎಂಬ ಸುದ್ದಿಗೆ ನಾವು ಹೋಗಿದ್ದೆವು. ಫೋಟೊ ತೆಗೆದು ಹಿಂದೆ ಬರುವಾಗ ಒಂದು ಮನೆಯ ಅಂಗಳದಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಹಗಲು ಹನ್ನೊಂದು ಗಂಟೆಗೆ ಪಾತ್ರೆ ತೊಳೆಯುತ್ತಿದ್ದಳು. ಶಾಲೆ ಇಲ್ಲವಾ ಎಂದು ಕೇಳಿದೆವು.

"ಉಂಟು ಅಣ್ಣ. ಸೈಕಲ್ ಹಾಳಾಗದೆ."

ಸೈಕಲ್ಲು ಕೊಟ್ಟಿಗೆಯ ಪಕ್ಕ ಬಿದ್ದಿತ್ತು. 2019ರಲ್ಲಿ ಅವಳ ಅಕ್ಕ ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಬಂದದ್ದು. ಅಕ್ಕನ ನಂತರ ತಂಗಿಗೆ ದಾಟಿದೆ. ಚೈನು ಎರಡು ತುಂಡು. ಸೀಟಿನ ಕಂಬ ಫ್ರೇಮಿನ ಪೈಪಿನೊಳಗೆ ತುಕ್ಕು ಹಿಡಿದು ಕೂತಿದೆ, ಮೇಲೂ ಬರುವುದಿಲ್ಲ ಕೆಳಗೂ ಹೋಗುವುದಿಲ್ಲ. ಹುಡುಗಿ ಬೆಳೆದಿದ್ದಾಳೆ, ಸೀಟು ಮಾತ್ರ ಎಂಟನೇ ತರಗತಿಯ ಎತ್ತರದಲ್ಲೇ ಉಳಿದಿದೆ. ಶಾಲೆ ಅಲ್ಲಿಂದ ಐದು ಕಿಲೋಮೀಟರ್. ಬಸ್ಸು ಹಿಡಿಯಬೇಕಾದರೆ ಮೊದಲು ಮೂರು ಕಿಲೋಮೀಟರ್ ಕಟ್ಟೆಯ ಮೇಲೆ ನಡೆಯಬೇಕು. ಸಂಜೆ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ ಎಂದು ತಾಯಿ ಬೇಡ ಎಂದಿದ್ದರು. ಹೀಗೆ ಹನ್ನೊಂದು ದಿನ ಆಗಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು. ಮಳೆಗಾಲದಲ್ಲಿ ಆಗಲೇ ಜ್ವರ, ನೆರೆ ಎಂದು ಅವಳ ಹಾಜರಾತಿ ಒಂದಿಷ್ಟು ಹೋಗಿತ್ತು. ತಂದೆ ಬಂದರು. "ತುಕ್ಕು ಹಿಡ್ದ ಮೇಲೆ ಎಂತ ಮಾಡೂದು, ಗುಜರಿಯವ ಬಂದ್ರೆ ಕೊಡೂದು" ಎಂದರು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಅಂದು ನಾವು ಮಾಡಿದ್ದು ಇಷ್ಟೇ: ಸೈಕಲ್ಲಿನ ನಾಲ್ಕು ಫೋಟೊ ತೆಗೆದೆವು, ಮುನ್ನೂರು ಪದ ಬರೆದೆವು, ಕಳಿಸಿದೆವು. ಸುದ್ದಿ ಬರಲಿಲ್ಲ. ನಮ್ಮ ಹತ್ತಿರ ಬೈಕ್ ಇತ್ತು, ಪೇಟೆಯಲ್ಲಿ ಪರಿಚಯದ ಸೈಕಲ್ ಅಂಗಡಿಯೂ ಇತ್ತು. ಆದರೂ ಸುದ್ದಿ ಬರಲಿಲ್ಲವಲ್ಲ ಎಂಬ ಬೇಸರ ಬಂದಷ್ಟು ಬೇಗ, ಚೈನು ತಂದುಕೊಡೋಣ ಎಂಬ ಯೋಚನೆ ಬರಲಿಲ್ಲ. ಮೂರು ದಿನ ಬಿಟ್ಟು ಅಂಗಡಿಯ ಹಿರಿಯರ ಬಳಿ ಮಾತಿಗೆ ಹೇಳಿದಾಗ ಅವರೇ ಗದರಿದರು: "ಫೋಟೊ ತೆಗ್ದು ಬಂದ್ರಾ ಮಾರಾಯ್ರೆ? ಸೈಕಲ್ ತರೂದು ಬಿಟ್ಟು?"

ಮರುದಿನ ಅದನ್ನು ಮೀನಿನ ಟೆಂಪೋದಲ್ಲಿ ಹಾಕಿಸಿ ತರಿಸಿದೆವು. ಹೊಸ ಚೈನು, ಫ್ರೀವೀಲಿಗೆ ಸೀಮೆಎಣ್ಣೆ ಸ್ನಾನ, ಹಿಂದಿನ ಚಕ್ರಕ್ಕೆ ಬಾಲ್ಸು, ಸೀಟಿನ ಕಂಬಕ್ಕೆ ಎರಡು ದಿನ ಎಣ್ಣೆ ಕುಡಿಸಿ ಸುತ್ತಿಗೆ ಪೆಟ್ಟು. ಖರ್ಚು ಆ ತಂದೆಯ ಒಂದು ದಿನದ ಕೂಲಿಯೂ ಆಗಲಿಲ್ಲ. ಹುಡುಗಿ ಶಾಲೆಗೆ ಹೋದಳು, ಪರೀಕ್ಷೆಗೂ ಕೂತಳು. ಕಥೆ ಚೆನ್ನಾಗಿ ಮುಗಿಯಿತು ನಿಜ. ಆದರೆ ಅದು ಚೆನ್ನಾಗಿ ಮುಗಿದದ್ದು ಒಂದು ಕಟ್ಟೆ ಒಡೆದದ್ದರಿಂದ, ನಾವು ಆ ದಾರಿಯಲ್ಲಿ ಹೋದದ್ದರಿಂದ, ಒಬ್ಬ ಮುದುಕರು ಗದರಿದ್ದರಿಂದ. ಎಲ್ಲ ಕಟ್ಟೆಯೂ ಒಡೆಯುವುದಿಲ್ಲ.

ನಮ್ಮಲ್ಲಿ ಉಪ್ಪು ಗಾಳಿಯಲ್ಲೇ ಇದೆ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಹಿಮ ಕರಗಲಿ, ಗಾಡಿ ಜಾರದಿರಲಿ ಎಂದು. ಆ ಉಪ್ಪುನೀರು ಸೈಕಲ್ಲಿನ ಚೈನು, ರಿಮ್ಮು, ಬೋಲ್ಟುಗಳನ್ನು ತಿನ್ನುತ್ತದೆ. ಹಾಗಾಗಿ ಅಲ್ಲಿಯ ಸವಾರರಿಗೆ ಚಳಿಗಾಲ ಮುಗಿದ ಮೇಲೆ ಸೈಕಲ್ ಬಿಚ್ಚಿ ತೊಳೆದು ಎಣ್ಣೆ ಹಾಕುವುದು ವರ್ಷದ ಒಂದು ಕೆಲಸ.

ನಮ್ಮಲ್ಲಿ ಉಪ್ಪನ್ನು ಯಾರೂ ಚೆಲ್ಲಬೇಕಾಗಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪು ಬೆಳೆಯುತ್ತಾರೆ ಎಂದರೆ ಇಲ್ಲಿಯ ನೀರು, ಗಾಳಿ ಎರಡರಲ್ಲೂ ಎಷ್ಟು ಉಪ್ಪಿದೆ ಎಂದು ಲೆಕ್ಕ ಹಾಕಿ. ಅದರ ಮೇಲೆ ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು, ಕೆಲವು ಕಡೆ ಅದಕ್ಕೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಸರಿಯಾಗಿ ಶಾಲೆ ನಡೆಯುವ ದಿನಗಳಲ್ಲೇ ಸುರಿಯುತ್ತದೆ. ನಮ್ಮ ಸೈಕಲ್ಲುಗಳಿಗೆ ಹಿಮವಿಲ್ಲದೆಯೇ ಹಿಮದೇಶದ ಕಾಯಿಲೆ.

ತುಕ್ಕು ಹೇಗೆ ಹಿಡಿಯುತ್ತದೆ ಎಂಬುದು ಹೈಸ್ಕೂಲ್ ವಿಜ್ಞಾನದಲ್ಲೇ ಇದೆ. ಕಬ್ಬಿಣಕ್ಕೆ ನೀರು, ಗಾಳಿಯ ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ ಹರಿಯುವುದು ಸುಲಭ, ಕೆಲಸ ಬೇಗ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಸೀಟಿನ ಕಂಬ ಪೈಪಿನೊಳಗೆ ಸಿಕ್ಕಿಕೊಳ್ಳುವುದು, ನಟ್ಟು ಬೋಲ್ಟಿಗೆ ಕಚ್ಚಿಕೊಳ್ಳುವುದು ಇದರಿಂದಲೇ. ತುಕ್ಕು ಪದರವಾಗಿ ಉದುರುತ್ತದೆ, ಒಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ಸಿಗುತ್ತದೆ. ಹಾಗಾಗಿ ಅದು ತಾನಾಗಿ ನಿಲ್ಲುವುದಿಲ್ಲ.

ಈ ಪಾಠವನ್ನು ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಅದೇ ಹೊತ್ತಿಗೆ ತರಗತಿಯ ಕಿಟಕಿಯ ಹೊರಗೆ ಅವರ ಸೈಕಲ್ಲು ಅದೇ ಪಾಠವನ್ನು ಪ್ರಯೋಗ ಮಾಡಿ ತೋರಿಸುತ್ತಿರುತ್ತದೆ. ಎರಡನ್ನೂ ಯಾರೂ ಜೋಡಿಸುವುದಿಲ್ಲ.

ಮಳೆ, ಸಮುದ್ರ ಮಾತ್ರ ಕಾರಣವಲ್ಲ. ಹಳ್ಳಿಯ ಸೈಕಲ್ಲು ಶಾಲೆಗಷ್ಟೇ ಹೋಗುವುದಿಲ್ಲ. ಅದರ ಕ್ಯಾರಿಯರ್ ಮೇಲೆ ಗೊಬ್ಬರದ ಚೀಲ ಬರುತ್ತದೆ. ಪೊಟ್ಯಾಷ್ ಗೊಬ್ಬರ ಎಂದರೆ ಅದೂ ಒಂದು ಬಗೆಯ ಉಪ್ಪೇ, ಯೂರಿಯಾ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಭಾನುವಾರ ಅದೇ ಕ್ಯಾರಿಯರ್ ಮೇಲೆ ಮೀನಿನ ಬುಟ್ಟಿ, ಅದರಿಂದ ತೊಟ್ಟಿಕ್ಕುವ ಉಪ್ಪುನೀರು. ಹಿಂದಿನ ಚಕ್ರದ ಕಡ್ಡಿಗಳು ಮೊದಲು ತುಂಡಾಗುವುದು ಯಾಕೆ ಎಂದು ಬೇರೆ ಹುಡುಕಬೇಕಾಗಿಲ್ಲ.

ಅಂಗಡಿಯ ಹಿರಿಯರ ಮಾತು ಒಂದು ನೆನಪಿದೆ. "ಸೈಕಲ್ ಮಳೆಗೆ ಹಾಳಾಗೂದ್ ಕಮ್ಮಿ. ಮಳೆ ಬಿಟ್ ಮೇಲೆ ಹಾಳಾಗೂದೇ ಜಾಸ್ತಿ." ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ದಿನಾ ಓಡುವ ಚೈನು ಒದ್ದೆಯಾದರೂ ತಿರುಗುತ್ತಿರುತ್ತದೆ, ಕೊಂಡಿಗಳು ಅಂಟಿಕೊಳ್ಳುವುದಿಲ್ಲ. ಒದ್ದೆ ಚೈನನ್ನು ಹಾಗೇ ನಿಲ್ಲಿಸಿದರೆ ಒಂದೊಂದು ಕೊಂಡಿಯೂ ಕಚ್ಚಿಕೊಳ್ಳುತ್ತದೆ. ಮಡ್‌ಗಾರ್ಡಿನ ಒಳಗೆ ಅಂಟಿದ ಕೆಸರು ತಿಂಗಳಾದರೂ ಒಣಗುವುದಿಲ್ಲ. ಅದರ ಮೇಲೆ ಆಯುಧ ಪೂಜೆಯ ಸೋಪಿನ ನೀರು ಇದ್ದ ಅಲ್ಪಸ್ವಲ್ಪ ಎಣ್ಣೆಯನ್ನೂ ತೊಳೆದು ಹಾಕುತ್ತದೆ. ನವೆಂಬರ್‌ನಲ್ಲಿ ಇಬ್ಬನಿ ಶುರು. ಇಷ್ಟು ಸಾಕು.

ಮಾಡುವ ಕೆಲಸ ಒಂದು ಗಂಟೆಯದು

ಹಾಗಾದರೆ ಮಾಡಬೇಕಾದ್ದೇನು? ಅವರ ಅಂಗಡಿಯಲ್ಲಿ ಕೂತು ನೋಡಿ ಕಲಿತದ್ದನ್ನು, ಆಮೇಲೆ ನಮ್ಮ ಮನೆಯ ಹಳೇ ಸೈಕಲ್ಲಿನ ಮೇಲೆ ಮಾಡಿ ನೋಡಿದ್ದನ್ನು ಹೇಳುತ್ತೇವೆ. ಯಾವುದಕ್ಕೂ ದೊಡ್ಡ ಸಾಮಾನು ಬೇಡ.

ಮೊದಲು ತೊಳೆಯುವುದು. ಬಕೆಟ್ ನೀರು, ಹಳೇ ಬಟ್ಟೆ ಸಾಕು. ಗಾಡಿ ತೊಳೆಯುವ ಜೋರು ಪೈಪಿನ ನೀರನ್ನು ಚಕ್ರದ ನಡುಗುಂಭಕ್ಕೆ, ಪೆಡಲಿನ ಬುಡಕ್ಕೆ ಹಿಡಿಯಬಾರದು. ಒಳಗಿನ ಗ್ರೀಸು ಹೋಗಿ ನೀರು ಕೂರುತ್ತದೆ. ತೊಳೆದ ಮೇಲೆ ಒರೆಸಿ ಬಿಸಿಲಿಗೆ ಇಡಬೇಕು.

ಚೈನಿಗೆ ಸೀಮೆಎಣ್ಣೆ, ಅದು ಸಿಗದಿದ್ದರೆ ಡೀಸೆಲ್, ಹಳೇ ಹಲ್ಲುಜ್ಜುವ ಬ್ರಷ್. ಕೆಂಪು ಹೋಗುವವರೆಗೆ ಉಜ್ಜಿ, ಒಣಗಿಸಿ, ಒಂದೊಂದು ಕೊಂಡಿಗೂ ಒಂದೊಂದೇ ಹನಿ ಎಣ್ಣೆ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒಳಗೆ ಇಳಿಸಿ, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಎಣ್ಣೆ ಬೇಕಾದ್ದು ಕೊಂಡಿಯ ಒಳಗೆ. ಹೊರಗೆ ಉಳಿದರೆ ಧೂಳು ಹಿಡಿದು ಅರಗಿನಂತಾಗುತ್ತದೆ. ಬೈಕಿಗೆ ಹಾಕುವ ಎಂಜಿನ್ ಆಯಿಲ್ ಚೈನಿಗೆ ಒಳ್ಳೆಯದು, ಮಳೆಗೆ ಬೇಗ ತೊಳೆದು ಹೋಗುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ತೆಳು, ಬ್ರೇಕಿನ ಕೀಲುಗಳಿಗೆ, ಫ್ರೀವೀಲಿಗೆ ಸರಿ. ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ, ಆದರೆ ಅದು ಚಳಿಗೆ ಗಟ್ಟಿಯಾಗುತ್ತದೆ. ಬೇಡ.

ಚೈನು ಸವೆದಿದೆಯೇ ಎಂದು ನೋಡಲು ಕಂಪಾಸ್ ಪೆಟ್ಟಿಗೆಯ ಹೊರಗಿನ ಉದ್ದ ಸ್ಕೇಲ್ ಸಾಕು. ಚೈನಿನ ಒಂದು ಕೀಲಿನಿಂದ ಮುಂದಿನ ಕೀಲಿಗೆ ಸರಿಯಾಗಿ ಅರ್ಧ ಇಂಚು. ಹಾಗಾಗಿ ಹೊಸ ಚೈನಿನಲ್ಲಿ ಸೊನ್ನೆಗೆ ಒಂದು ಕೀಲು ಇಟ್ಟರೆ 12 ಇಂಚಿಗೆ ಇಪ್ಪತ್ನಾಲ್ಕನೆಯ ಕೀಲು ಸರಿಯಾಗಿ ಕೂರಬೇಕು. ಅದು ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಿಸಬೇಕು. ಇಲ್ಲದಿದ್ದರೆ ಅದು ಹಲ್ಲಿನ ಚಕ್ರವನ್ನೂ ತಿಂದುಹಾಕುತ್ತದೆ. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಿಕ್ಕಿಲ್ಲ.

ಹ್ಯಾಂಡಲ್, ರಿಮ್ಮಿನ ಹೊಳಪಿನ ಮೇಲೆ ಚುಕ್ಕಿ ಚುಕ್ಕಿ ತುಕ್ಕು ಬಂದಿದ್ದರೆ ಮರಳು ಕಾಗದ ಹಚ್ಚಬಾರದು, ಹೊಳಪಿನ ಲೇಪವೇ ಹೋಗುತ್ತದೆ. ತಿಂಡಿ ಕಟ್ಟಿಕೊಡುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿಗೆ ಅದ್ದಿ ತಿಕ್ಕಿದರೆ ಚುಕ್ಕಿ ಹೋಗುತ್ತದೆ. ಅಲ್ಯೂಮಿನಿಯಂ ಆ ಲೇಪಕ್ಕಿಂತ ಮೆದು, ಗೀರು ಬೀಳುವುದಿಲ್ಲ.

ಬಿಚ್ಚಿದ ನಟ್ಟು ಬೋಲ್ಟುಗಳಿಗೆ ಹುಣಸೆಹಣ್ಣಿನ ನೀರು. ನಮ್ಮ ಕಡೆ ಹಿತ್ತಲಲ್ಲಿ ಬಿಂಬುಳಿ ಮರ ಇದ್ದರೆ ಇನ್ನೂ ಸುಲಭ. ಅಜ್ಜಿಯಂದಿರು ಕತ್ತಿಯ ಕಲೆ ತೆಗೆಯಲು ಅದನ್ನೇ ತಿಕ್ಕುತ್ತಿದ್ದರು. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಉಜ್ಜಿ, ಅಡಿಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಹಚ್ಚಬೇಕು. ಎಣ್ಣೆ ತಡವಾದರೆ ಸಂಜೆಯೊಳಗೆ ಮತ್ತೆ ಕೆಂಪು. ಚೈನು, ಗುಂಡುಗಳನ್ನು ಮಾತ್ರ ಹುಳಿಯಲ್ಲಿ ನೆನೆಸಬಾರದು. ಗಡಸು ಉಕ್ಕು ಹುಳಿಯಲ್ಲಿ ನೆನೆದರೆ ಆಮೇಲೆ ಬಿರುಕು ಬಿಡುವ ಅಪಾಯ ಇದೆ.

ಬಣ್ಣ ಹೋದ ಕಡೆ ಕೆರೆದು, ಕಿಟಕಿ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ಬಳಿದು ಮೇಲೆ ಪೇಂಟ್. ತಮಾಷೆ ಎಂದರೆ ಆ ರೆಡ್ ಆಕ್ಸೈಡಿನ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ. ವರ್ಷಕ್ಕೊಮ್ಮೆ ಸೀಟಿನ ಕಂಬವನ್ನು ಹೊರಗೆ ತೆಗೆದು ಗ್ರೀಸು ಹಚ್ಚಿ ಮತ್ತೆ ಕೂರಿಸಬೇಕು. ಪೆಡಲಿನ ತಿರುಪಿಗೂ ಗ್ರೀಸು. ಎಡಗಡೆಯ ಪೆಡಲಿಗೆ ಉಲ್ಟಾ ತಿರುಪು ಇರುತ್ತದೆ ಎಂಬುದು ನೆನಪಿರಲಿ, ಇಲ್ಲದಿದ್ದರೆ ಬಿಚ್ಚುತ್ತೇನೆ ಎಂದು ಇನ್ನೂ ಬಿಗಿ ಮಾಡುತ್ತೀರಿ. ರಿಮ್ಮಿಗೂ ಬ್ರೇಕಿನ ರಬ್ಬರಿಗೂ ಎಣ್ಣೆ ತಾಗಬಾರದು. ಇಷ್ಟೇ.

ಇದರಲ್ಲಿ ಹದಿಮೂರು ವರ್ಷದ ಮಗುವಿಗೆ ಆಗದ್ದು ಯಾವುದೂ ಇಲ್ಲ. ಹಾಗಿದ್ದೂ ನಾವು ಕೇಳಿದ ಹುಡುಗಿಯರಲ್ಲಿ ಒಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗರು ಅಂಗಡಿಯ ಮುಂದೆ ನಿಂತು ನೋಡಿ ಕಲಿಯುತ್ತಾರೆ, ಅಲ್ಲಿಯೇ ಪಾನ ಕೈಗೆ ತೆಗೆದುಕೊಳ್ಳುತ್ತಾರೆ. ಹುಡುಗಿ ಅಂಗಡಿಯ ಮುಂದೆ ನಿಲ್ಲುವಂತಿಲ್ಲ. ಅವಳ ಸೈಕಲ್ಲಿಗೆ ಎಣ್ಣೆ ಬೀಳಬೇಕಾದರೆ ಅಣ್ಣನಿಗೋ ಅಪ್ಪನಿಗೋ ಪುರುಸೊತ್ತಾಗಬೇಕು. ಹೀಗಾಗಿ ಒಂದೇ ಮಳೆ ಬಿದ್ದರೂ ಹುಡುಗಿಯ ಸೈಕಲ್ಲಿಗೆ ಮೊದಲು ತುಕ್ಕು.

ಕೊಡುವ ದಿನದ ಫೋಟೊ, ಆಮೇಲಿನ ಮೌನ

ಕರ್ನಾಟಕದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ. ಸರ್ಕಾರಿ, ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ವರ್ಷ ವರ್ಷ ಸಿಗುತ್ತಿತ್ತು. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತಿತು. ಅದೇ 2006ರಲ್ಲಿ ಬಿಹಾರವೂ ಹುಡುಗಿಯರಿಗೆ ಸೈಕಲ್ ಯೋಜನೆ ತಂದಿತು. ಅದರ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿಯಿತು ಎಂದು ಅವರು ಕಂಡರು. ಶಾಲೆ ದೂರ ಇದ್ದ ಊರುಗಳಲ್ಲೇ ಲಾಭ ಹೆಚ್ಚು. ಸೈಕಲ್ಲು ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಡಿಪ್ಲೊಮಾ ಓದುವಾಗ ನಾವೆಲ್ಲ ಪಿ. ಸಾಯಿನಾಥ್ ಅವರ ಪುಸ್ತಕ ಓದಿದವರು. ಜಿ.ಎನ್. ಮೋಹನ್ ಕನ್ನಡಕ್ಕೆ ತಂದ 'ಬರ ಅಂದ್ರೆ ಎಲ್ಲರಿಗೂ ಇಷ್ಟ'. ಅದರಲ್ಲಿ ತಮಿಳುನಾಡಿನ ಪುದುಕೋಟೆಯ ಹೆಂಗಸರು ಸೈಕಲ್ ಕಲಿತ ವರದಿ ಇದೆ. 1990ರ ದಶಕದ ಸಾಕ್ಷರತಾ ಆಂದೋಲನದ ಭಾಗವಾಗಿ ಅದು ನಡೆಯಿತು. ಆ ವರದಿ ಓದಿ ನಾವು ಗ್ರಾಮೀಣ ಪತ್ರಕರ್ತರಾಗಬೇಕು ಎಂದುಕೊಂಡೆವು. ಆದದ್ದೇನು? ನಮ್ಮ ತಾಲೂಕಿನಲ್ಲಿ ಸೈಕಲ್ ವಿತರಣೆಯ ದಿನ ಹೋದೆವು. ಶಾಸಕರು ಹ್ಯಾಂಡಲ್ ಹಿಡಿದು ನಿಂತ ಫೋಟೊ, ಹಿಂದೆ ಪ್ಲಾಸ್ಟಿಕ್ ಸುತ್ತಿದ ಹೊಸ ಸೈಕಲ್ಲಿನ ಸಾಲು. ಪ್ರತಿ ವರ್ಷ ಅದೇ ಫೋಟೊ. ಎರಡು ಮಳೆಗಾಲ ಕಳೆದ ಮೇಲೆ ಅದೇ ಸೈಕಲ್ಲು ಎಲ್ಲಿದೆ, ಓಡುತ್ತಿದೆಯೇ ಎಂದು ನೋಡಲು ಒಮ್ಮೆಯೂ ಹೋಗಲಿಲ್ಲ. ವಿತರಣೆಗೆ ತಾರೀಕು ಇರುತ್ತದೆ, ಆಮಂತ್ರಣ ಪತ್ರಿಕೆ ಇರುತ್ತದೆ. ತುಕ್ಕು ಹಿಡಿಯುವುದಕ್ಕೆ ತಾರೀಕಿಲ್ಲ, ಹಾಗಾಗಿ ಅದು ನಮ್ಮ ಡೈರಿಗೆ ಬರಲಿಲ್ಲ.

ಸರ್ಕಾರದ ಲೆಕ್ಕವೂ ನಮ್ಮ ಫೋಟೊದ ಹಾಗೆಯೇ. ಎಷ್ಟು ಸೈಕಲ್ ಕೊಟ್ಟೆವು ಎಂದು ಬರೆಯುತ್ತದೆ. ಎಷ್ಟು ಓಡುತ್ತಿವೆ ಎಂದು ಕೇಳುವುದಿಲ್ಲ.

ನಮ್ಮ ಬೇಡಿಕೆ

ಆಫ್ರಿಕಾದ ಝಾಂಬಿಯಾದಲ್ಲಿ ವರ್ಲ್ಡ್ ಬೈಸಿಕಲ್ ರಿಲೀಫ್ ಎಂಬ ಸಂಸ್ಥೆ ಹಳ್ಳಿ ಹುಡುಗಿಯರಿಗೆ ಸೈಕಲ್ ಕೊಡುವಾಗ ಜೊತೆಗೇ ಸ್ಥಳೀಯರಿಗೆ ಮೆಕ್ಯಾನಿಕ್ ತರಬೇತಿ ಕೊಟ್ಟಿತು, ಬಿಡಿಭಾಗ ಸಿಗುವಂತೆ ಮಾಡಿತು, ಶಾಲೆಯಲ್ಲಿ ಉಸ್ತುವಾರಿಗೆ ಸಮಿತಿ ಇಟ್ಟಿತು. ಅಂದರೆ ಸೈಕಲ್ಲನ್ನು ಒಂದು ದಿನದ ದಾನ ಎಂದು ನೋಡದೆ ನಡೆಸಿಕೊಂಡು ಹೋಗುವ ವ್ಯವಸ್ಥೆ ಎಂದು ನೋಡಿತು. ನಮ್ಮಲ್ಲಿ ಇದು ಅಸಾಧ್ಯವೇನಲ್ಲ. ಹೊಸ ಇಲಾಖೆ ಬೇಡ, ದೊಡ್ಡ ಅನುದಾನವೂ ಬೇಡ.

ಒಂದು: ಪ್ರತಿ ಪ್ರೌಢಶಾಲೆಯಲ್ಲಿ ಒಂದು ಪೆಟ್ಟಿಗೆ ಇರಲಿ. ನಾಲ್ಕು ಪಾನ, ಒಂದು ಪಂಪು, ಒಂದು ಎಣ್ಣೆ ಡಬ್ಬಿ, ಒಂದು ಡಬ್ಬಿ ಗ್ರೀಸು, ಬ್ರಷ್, ಬಟ್ಟೆ. ಎಸ್‌ಡಿಎಂಸಿ ಸಭೆಯಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನ ಆಗುವ ವಿಷಯ ಇದು.

ಎರಡು: ಸಂಭ್ರಮ ಶನಿವಾರ ಎಂದು ಬ್ಯಾಗ್ ಇಲ್ಲದ ದಿನ ಇದೆ. ಅಂಥ ಎರಡು ಶನಿವಾರ ಸೈಕಲ್ಲಿಗೆ ಇರಲಿ. ಒಂದು ಮಳೆಗಾಲಕ್ಕೆ ಮೊದಲು, ಇನ್ನೊಂದು ದಸರಾ ರಜೆಗೆ ಮೊದಲು. ಊರಿನ ಸೈಕಲ್ ಅಂಗಡಿಯವರನ್ನು ಕರೆಸಿ ಪಾಠ ಮಾಡಿಸಲಿ, ಅವರಿಗೆ ಗೌರವಧನ ಕೊಡಲಿ. ಹುಡುಗಿಯರ ಕೈಗೆ ಮೊದಲು ಪಾನ ಕೊಡಲಿ.

ಮೂರು: ಸೈಕಲ್ಲಿಗೆ ಮಾಡು. ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರ ಬೈಕಿಗೆ ತಗಡಿನ ಮಾಡು ಇದೆ, ಮಕ್ಕಳ ಸೈಕಲ್ಲು ಮರದ ಕೆಳಗೆ ನೆನೆಯುತ್ತದೆ. ಆರು ತಗಡು, ನಾಲ್ಕು ಕಂಬ. ಪಂಚಾಯಿತಿ ಮನಸ್ಸು ಮಾಡಿದರೆ ಒಂದು ವಾರದ ಕೆಲಸ.

ನಾಲ್ಕು: ಸೈಕಲ್ ವಿತರಣೆ ಮತ್ತೆ ಶುರು ಮಾಡುವುದಾದರೆ ಟೆಂಡರಿನಲ್ಲೇ ಎರಡು ವರ್ಷದ ರಿಪೇರಿ ಸೇರಲಿ. ಕರಾವಳಿ, ಮಲೆನಾಡಿಗೆ ಕೊಡುವ ಸೈಕಲ್ಲಿನ ಬೋಲ್ಟು, ಕಡ್ಡಿಗಳಿಗೆ ತುಕ್ಕು ತಡೆಯುವ ಸತುವಿನ ಲೇಪ ಇರಲಿ. ಬಳ್ಳಾರಿಯ ಬಿಸಿಲಿಗೂ ಹೊನ್ನಾವರದ ಉಪ್ಪುಗಾಳಿಗೂ ಒಂದೇ ಸೈಕಲ್ ಸಾಲದು.

ಇದಕ್ಕೆ ಬರುವ ಉತ್ತರಗಳೂ ನಮಗೆ ಗೊತ್ತು. ಮೊದಲನೆಯದು, "ಈಗ ಶಕ್ತಿ ಯೋಜನೆ ಇದೆಯಲ್ಲ, ಹುಡುಗಿಯರಿಗೆ ಬಸ್ಸು ಫ್ರೀ." 2023ರ ಜೂನ್ 11ರಿಂದ ಅದು ಇದೆ, ಅದರಿಂದ ಉಪಕಾರ ಆಗಿರುವುದನ್ನು ನಾವೇ ವರದಿ ಮಾಡಿದ್ದೇವೆ. ಆದರೆ ಫ್ರೀ ಆಗಬೇಕಾದರೆ ಮೊದಲು ಬಸ್ಸು ಬರಬೇಕು. ಮಜರೆಗಳಿಗೆ, ಗಜನಿ ಕಟ್ಟೆಯ ಆಚೆಗೆ, ಘಟ್ಟದ ಬುಡದ ಕೇರಿಗಳಿಗೆ ಬಸ್ಸು ಬರುವುದಿಲ್ಲ. ಮನೆಯಿಂದ ಬಸ್ ನಿಲ್ದಾಣದವರೆಗಿನ ಆ ಮೂರು ಕಿಲೋಮೀಟರಿಗೆ ಸೈಕಲ್ಲೇ ಬೇಕು.

ಎರಡನೆಯದು, "ಕೊಟ್ಟ ಸೈಕಲ್ಲೇ ಕಳಪೆ, ಎಣ್ಣೆ ಹಾಕಿ ಏನು ಪ್ರಯೋಜನ." ಕಳಪೆ ಎಂಬ ದೂರು ಹಳೆಯದು, ಹಲವು ಕಡೆ ಸರಿಯಾದದ್ದೂ ಹೌದು. ಆದರೆ ಒಳ್ಳೆಯ ಸೈಕಲ್ಲಿಗೂ ಎಣ್ಣೆ ಬೇಕು, ಕಳಪೆಗಂತೂ ಇನ್ನೂ ಹೆಚ್ಚು ಬೇಕು. ಹೊಸದು ಬರುವುದು ನಿಂತ ಮೇಲೆ ಅಕ್ಕನ ಸೈಕಲ್ಲು ತಂಗಿಗೆ, ತಂಗಿಯದು ತಮ್ಮನಿಗೆ ದಾಟುತ್ತಿದೆ. ಇರುವುದನ್ನು ಉಳಿಸಿಕೊಳ್ಳುವುದೇ ಈಗ ಯೋಜನೆ.

ಮೂರನೆಯದು, "ಇದು ಮನೆಯವರ ಕೆಲಸ." ನಿಜ. ಆದರೆ ಬೆಳಿಗ್ಗೆ ಐದಕ್ಕೆ ದೋಣಿಗೆ ಹೋಗುವ ಅಪ್ಪ, ಏಳಕ್ಕೆ ಗದ್ದೆಗೆ ಹೋಗುವ ಅಮ್ಮ, ಇಬ್ಬರಿಗೂ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಸರ್ಕಾರ ಮಕ್ಕಳಿಗೆ ಕೈ ತೊಳೆಯುವುದನ್ನು ಶಾಲೆಯಲ್ಲಿ ಕಲಿಸಿತು, ಮಕ್ಕಳು ಅದನ್ನು ಮನೆಗೆ ಕಲಿಸಿದರು. ಎಣ್ಣೆ ಹಾಕುವುದೂ ಹಾಗೆಯೇ ಮನೆ ತಲುಪುತ್ತದೆ.

ಇನ್ನೊಂದು ಮಾತು ಸೈಕಲ್ ಅಂಗಡಿಗಳ ಬಗ್ಗೆ. ನಮ್ಮ ಪೇಟೆಯಲ್ಲಿ ನಾವು ಹೈಸ್ಕೂಲಿನಲ್ಲಿದ್ದಾಗ ಐದು ಅಂಗಡಿ ಇದ್ದವು. ಈಗ ಉಳಿದದ್ದು ಒಂದು, ಅದೂ ಮಧ್ಯಾಹ್ನದವರೆಗೆ ಮಾತ್ರ. ಆ ಹಿರಿಯರಿಗೆ ಎಪ್ಪತ್ತು ದಾಟಿದೆ. ಮಗ ಊರು ಬಿಟ್ಟು ಹೋಗಿದ್ದಾನೆ. ಅವರ ಅಂಗಡಿ ಮುಚ್ಚಿದ ದಿನ ಈ ತಾಲೂಕಿನ ಅರ್ಧ ಸೈಕಲ್ಲುಗಳ ಆಯುಷ್ಯವೂ ಮುಗಿಯುತ್ತದೆ. ಶಾಲೆಗಳಿಗೆ ಅವರ ಕೈಕೆಲಸ ದಾಟಿಸಿಕೊಳ್ಳಲು ಇನ್ನು ಹೆಚ್ಚು ಮಳೆಗಾಲ ಇಲ್ಲ.

ನಮ್ಮ ಪಾಲಿನದನ್ನು ನಾವು ಶುರು ಮಾಡಿದ್ದೇವೆ. ಕಳೆದ ದಸರಾ ರಜೆಗೆ ಮೊದಲಿನ ಶನಿವಾರ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಆ ಹಿರಿಯರನ್ನು ಬೈಕಿನಲ್ಲಿ ಕರೆದುಕೊಂಡು ಹೋದೆವು. ಹತ್ತೊಂಬತ್ತು ಸೈಕಲ್ಲು ಬಂದವು. ಒಂದು ಲೀಟರ್ ಎಂಜಿನ್ ಆಯಿಲ್‌ನಲ್ಲಿ ಕಾಲು ಭಾಗವೂ ಖರ್ಚಾಗಲಿಲ್ಲ. ಮೊದಲು ದೂರ ನಿಂತಿದ್ದ ಹುಡುಗಿಯರು ಹನ್ನೆರಡು ಗಂಟೆಗೆ ಕೈಯೆಲ್ಲ ಕಪ್ಪು ಮಾಡಿಕೊಂಡು ಕೂತಿದ್ದರು. ಒಬ್ಬಳು ಎಡ ಪೆಡಲನ್ನು ಸರಿಯಾದ ಕಡೆಗೆ ತಿರುಗಿಸಿ ಬಿಚ್ಚಿದಾಗ ಹಿರಿಯರು "ಹಾಂ, ಇವ್ಳಿಗೆ ಅಂಗಡಿ ಬಿಟ್ಟು ಕೊಡ್ಲಕ್ಕು" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು, ಆದರೆ ಆ ಮಾತು ತಮಾಷೆಯಾಗಿಯೇ ಉಳಿಯಬೇಕಾಗಿಲ್ಲ.

ಅಂದು ಫೋಟೊ ತೆಗೆಯುವುದು ಮರೆತೇ ಹೋಯಿತು.

ಈ ಪುಟಕ್ಕೆ ಬರೆಯುವ, ಓದುವ ಗೆಳೆಯ ಗೆಳತಿಯರಲ್ಲಿ ಒಂದು ಕೋರಿಕೆ. ನಿಮ್ಮ ತಾಲೂಕಿನ ಯಾವುದಾದರೂ ಒಂದು ಪ್ರೌಢಶಾಲೆಗೆ ಸುದ್ದಿ ಇಲ್ಲದ ದಿನ ಹೋಗಿ. ಸೈಕಲ್ ನಿಲ್ಲಿಸುವ ಜಾಗಕ್ಕೆ ಹೋಗಿ ಚೈನುಗಳನ್ನು ಮುಟ್ಟಿ ನೋಡಿ. ಎಷ್ಟು ಓಡುತ್ತಿವೆ, ಎಷ್ಟು ನಿಂತಿವೆ, ನಿಂತ ಸೈಕಲ್ಲಿನ ಮಗು ಈಗ ಹೇಗೆ ಬರುತ್ತಿದೆ ಎಂದು ಕೇಳಿ ಬರೆಯಿರಿ. ಹೋಗುವಾಗ ಜೇಬಿನಲ್ಲಿ ಸಣ್ಣ ಎಣ್ಣೆ ಡಬ್ಬಿಯೊಂದು ಇರಲಿ.